‘ಬೇರೆ ಬಗೆಯ ಮಾಡ್ಯುಲೇಶನ್’ ಅಂದ್ರೆ ಎಷ್ಟು ಬೇರೆ? ರೆಂಬ್ರಾಂಟ್–ಸ್ಯಾಮ್‌ಸಂಗ್ ಅಪೀಲಿನ ಬಗ್ಗೆ ಒಂದು ಗೊಂದಲ

ಅರ್ಜಿಗುಮಾಸ್ತ
ಅಮೆರಿಕದ ಫೆಡರಲ್ ಸರ್ಕ್ಯೂಟ್ (ಪೇಟೆಂಟ್ ಅಪೀಲು ಕೇಳುವ ಕೋರ್ಟ್) 2017ರ ಏಪ್ರಿಲ್‌ನಲ್ಲಿ ಕೊಟ್ಟ ರೆಂಬ್ರಾಂಟ್ ವೈರ್‌ಲೆಸ್–ಸ್ಯಾಮ್‌ಸಂಗ್ ತೀರ್ಪನ್ನು ಓದಿದವರು ಇಲ್ಲಿದ್ದೀರಾ? ಒಂದು ಕಡೆ ಸಿಕ್ಕಿಹಾಕಿಕೊಂಡಿದೆ, ಬಿಡಿಸಿಕೊಡಿ.

ಓದದವರಿಗೆ ಚುಟುಕಾಗಿ: ಪೇಟೆಂಟ್ ಎರಡು, 8,023,580 ಮತ್ತು 8,457,228. ಎರಡರ ಬೇರೂ 1997ರ ಡಿಸೆಂಬರಿನ ಅರ್ಜಿಯಲ್ಲಿದೆ. ಒಂದು ಮಾಸ್ಟರ್ (ಮಾತುಕತೆ ನಡೆಸುವ ಸಾಧನ), ಅದರ ಕೆಳಗೆ ಹಲವು ಸ್ಲೇವ್‌ಗಳು (ಅದು ಹೇಳಿದಂತೆ ನಡೆಯುವ ಸಾಧನಗಳು). ಪೇಟೆಂಟಿನ ವಿವರಣೆಯಲ್ಲಿ (ಆವಿಷ್ಕಾರ ಹೇಗೆ ಕೆಲಸ ಮಾಡುತ್ತೆ ಅಂತ ಹೇಳುವ ಭಾಗ) ಸ್ಲೇವ್‌ಗಳನ್ನು ‘ಟ್ರಿಬ್’ ಅಂತಾರೆ. ಮಾಸ್ಟರ್ ಕಳಿಸುವ ಸಂದೇಶದಲ್ಲಿ ಎರಡು ಮಾಡ್ಯುಲೇಶನ್ ವಿಧಾನ (ಅಲೆಯ ಮೇಲೆ ಮಾಹಿತಿ ಹೊರಿಸುವ ರೀತಿ) ಇರಬೇಕು, ಎರಡನೆಯದು ಮೊದಲನೆಯದಕ್ಕಿಂತ ‘ಬೇರೆ ಬಗೆಯದು’ ಆಗಿರಬೇಕು. ಬ್ಲೂಟೂತ್ ಇಡಿಆರ್ (ಬ್ಲೂಟೂತಿನ ಹೆಚ್ಚು ವೇಗದ ರೂಪ) ಇದರೊಳಗೆ ಬರುತ್ತದೆ ಅಂತ ಪೂರ್ವ ಟೆಕ್ಸಸ್‌ನ ಜ್ಯೂರಿ ಪೇಟೆಂಟುದಾರ ರೆಂಬ್ರಾಂಟ್‌ಗೆ ಸ್ಯಾಮ್‌ಸಂಗ್‌ನಿಂದ 1.57 ಕೋಟಿ ಡಾಲರ್ ಕೊಡಿಸಿತು.

ಅಪೀಲಿನಲ್ಲಿ ಸ್ಯಾಮ್‌ಸಂಗ್ ವಾದ: ‘ಬೇರೆ ಬಗೆ’ ಅಂದರೆ ಒಂದಕ್ಕೊಂದು ಹೊಂದಿಕೊಳ್ಳದ ಮಾಡ್ಯುಲೇಶನ್. ವಿವರಣೆಯ ಉದ್ದಕ್ಕೂ ಟೈಪ್ ಎ ಮೋಡೆಮ್ಮಿಗೆ ಟೈಪ್ ಬಿ ಭಾಷೆ ಬರೋದಿಲ್ಲ ಅನ್ನೋದೇ ಸಮಸ್ಯೆ. ಆದರೂ ಕೋರ್ಟ್ ‘ಮಾಡ್ಯುಲೇಶನ್‌ನ ಬೇರೆ ಬೇರೆ ಕುಟುಂಬಗಳು’ ಅನ್ನುವ ಅರ್ಥವನ್ನೇ ಎತ್ತಿಹಿಡಿಯಿತು. ಆಧಾರ, ಅರ್ಜಿದಾರರು ಎಕ್ಸಾಮಿನರ್‌ಗೆ (ಅರ್ಜಿ ಪರಿಶೀಲಿಸುವ ಪೇಟೆಂಟ್ ಕಚೇರಿಯ ಅಧಿಕಾರಿ) ಬರೆದ ಒಂದು ವಾಕ್ಯ! 2005ರ ಫಿಲಿಪ್ಸ್ ತೀರ್ಪಿನಲ್ಲಿ ವಿವರಣೆಯೇ ಎಲ್ಲಕ್ಕಿಂತ ದೊಡ್ಡ ದಾರಿದೀಪ ಅಂದವರು ಇಲ್ಲಿ ಅದನ್ನ ಬದಿಗಿಟ್ಟಿದ್ದು ಹೇಗೆ?

ಕಡತಹುಳ
ಬದಿಗಿಟ್ಟಿಲ್ಲ ಸಾರ್. ಫಿಲಿಪ್ಸ್ ಹೇಳಿದ್ದು ಪೂರ್ತಿ ಓದಿ. ಕ್ಲೈಮಿನ (ಹಕ್ಕಿನ ವ್ಯಾಪ್ತಿ ಗೊತ್ತುಮಾಡುವ ವಾಕ್ಯ) ಮಾತು, ಆಮೇಲೆ ವಿವರಣೆ, ಆಮೇಲೆ ಎಕ್ಸಾಮಿನರ್ ಜೊತೆ ನಡೆದ ಪತ್ರವ್ಯವಹಾರ, ಅಂದರೆ ಕಡತ. ಮೂರೂ ಒಳಗಿನ ಸಾಕ್ಷ್ಯವೇ. ಪತ್ರವ್ಯವಹಾರ ಕೊನೆಗೆ ಬರೋದು ಯಾಕೆ ಅಂದ್ರೆ ಅದು ಚೌಕಾಸಿ, ಮಾತು ಅಲ್ಲಲ್ಲಿ ಜಾರಿರುತ್ತದೆ. ಜಾರದೆ ನೆಟ್ಟಗೆ ಹೇಳಿದ್ದರೆ ಅದಕ್ಕೆ ಪೂರ್ತಿ ತೂಕ.

ಇಲ್ಲಿ ನಡೆದದ್ದು ನೋಡಿ. ‘ಬೇರೆ ಬಗೆ’ ಅನ್ನುವ ಮಿತಿ ಮೊದಲಿಂದ ಕ್ಲೈಮಿನಲ್ಲಿ ಇರಲಿಲ್ಲ, ತಿದ್ದುಪಡಿಯಲ್ಲಿ ಬಂತು. ಅದನ್ನು ಸೇರಿಸಿದಾಗಲೇ ಅರ್ಜಿದಾರರು ಟಿಪ್ಪಣಿ ಬರೆದರು: ಎರಡು ಬಗೆಯ ವಿಧಾನಗಳು, ಅಂದರೆ ಬೇರೆ ಬೇರೆ ಕುಟುಂಬದ ತಂತ್ರಗಳು, ಎಫ್‌ಎಸ್‌ಕೆ ಕುಟುಂಬ ಮತ್ತು ಕ್ಯುಎಎಮ್ ಕುಟುಂಬ ಇದ್ದ ಹಾಗೆ. (ಎಫ್‌ಎಸ್‌ಕೆ ಫ್ರೀಕ್ವೆನ್ಸಿ ಬದಲಿಸುತ್ತೆ; ಕ್ಯುಎಎಮ್ ಅಲೆಯ ಎತ್ತರವನ್ನೂ, ಫೇಸ್ ಎನ್ನುವ ಸುತ್ತಿನ ಸ್ಥಾನವನ್ನೂ ಬದಲಿಸುತ್ತೆ.) ‘ಅಂದರೆ’ ಅಂತ ಬರೆದ ಮೇಲೆ ಅದು ವ್ಯಾಖ್ಯೆ ಆಯ್ತಲ್ಲ. ಕುಟುಂಬಗಳ ಹೆಸರಷ್ಟೇ ಉದಾಹರಣೆ, ಅದು ಮುಚ್ಚಿದ ಪಟ್ಟಿಯಲ್ಲ.

ವಿವರಣೆಯಲ್ಲಿ ‘ಬೇರೆ ಬಗೆ ಅಂದ್ರೆ ಹೊಂದಿಕೊಳ್ಳದ್ದು’ ಅಂತ ಎಲ್ಲಾದರೂ ಬರೆದಿದೆಯಾ? ಇಲ್ಲ. ಹೊಂದಿಕೊಳ್ಳದ ಮೋಡೆಮ್ ಅಲ್ಲಿ ಸಮಸ್ಯೆಯ ಚಿತ್ರ. ಆ ಚಿತ್ರವನ್ನು ಕ್ಲೈಮಿನೊಳಗೆ ತುರುಕೋದು ಬೇಡ ಅನ್ನೋದೂ ಫಿಲಿಪ್ಸ್ ಮಾತೇ.

ನೇರಮಾತು
ಸಮಸ್ಯೆ ಬಗೆಹರಿಸೋದೇ ಆವಿಷ್ಕಾರದ ಉದ್ದೇಶ ಅಂದಮೇಲೆ ಕ್ಲೈಮ್ ಆ ಸಮಸ್ಯೆಗೆ ಕಟ್ಟುಬೀಳಬೇಕು. ಇಲ್ಲದಿದ್ರೆ 1997ರ ಮೋಡೆಮ್ ಕತೆ ಹಿಡಿದು ಬ್ಲೂಟೂತ್‌ಗೆ ಬಲೆ ಬೀಸಿದ ಹಾಗೆ.

ಕಡತಹುಳ
ಕಟ್ಟುಬೀಳಬೇಕಾದರೆ ಎರಡೇ ಬಾಗಿಲು. 2012ರ ಥಾರ್ನರ್–ಸೋನಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಒಂದೋ ಪೇಟೆಂಟುದಾರ ತಾನೇ ಪದಕ್ಕೆ ವ್ಯಾಖ್ಯೆ ಕೊಟ್ಟಿರಬೇಕು, ಇಲ್ಲವೇ ಇಷ್ಟು ವ್ಯಾಪ್ತಿ ನನಗೆ ಬೇಡ ಅಂತ ಸ್ಪಷ್ಟವಾಗಿ ಬಿಟ್ಟುಕೊಟ್ಟಿರಬೇಕು. ಎರಡೂ ಇಲ್ಲದಿದ್ದರೆ ಆ ಕಸುಬಿನವರು ಸಹಜವಾಗಿ ಮಾಡುವ ಅರ್ಥ. ಉದ್ದೇಶ ಒಳ್ಳೇದಿತ್ತು, ಚಿತ್ರ ಹಾಗಿತ್ತು ಅನ್ನೋದು ಸಾಲದು.

ತರಂಗ_ತಟ್ಟೆ
ಕಾನೂನಿನವರು ಸ್ವಲ್ಪ ಸುಮ್ಮನಿರಿ, ಪ್ಯಾಕೆಟ್ ಬಿಚ್ಚಿ ನೋಡೋಣ. ಇಡಿಆರ್ ಗೊತ್ತಿಲ್ಲದೆ ಈ ಜಗಳ ಅರ್ಥ ಆಗಲ್ಲ.

ಇಡಿಆರ್ ಬಂದದ್ದು 2004ರ ಬ್ಲೂಟೂತ್ 2.0ರಲ್ಲಿ. ಪ್ಯಾಕೆಟ್ಟಿನ ತಲೆ ಹಳೇ ರೀತಿಯದ್ದೇ: 72 ಬಿಟ್ ಆಕ್ಸೆಸ್ ಕೋಡ್, 54 ಬಿಟ್ ಹೆಡರ್ (18 ಬಿಟ್ ಮಾಹಿತಿ, ಪ್ರತಿಯೊಂದೂ ಮೂರು ಸಲ). ಸೆಕೆಂಡಿಗೆ 10 ಲಕ್ಷ ಬಿಟ್ ವೇಗದಲ್ಲಿ ಒಟ್ಟು 126 ಮೈಕ್ರೊಸೆಕೆಂಡು, ಎಲ್ಲಾ ಜಿಎಫ್‌ಎಸ್‌ಕೆ (ಗಾಸಿಯನ್ ಫಿಲ್ಟರ್ ಹಾಕಿದ ಎಫ್‌ಎಸ್‌ಕೆ). ಆಮೇಲೆ ಸುಮಾರು 5 ಮೈಕ್ರೊಸೆಕೆಂಡು ಗಾರ್ಡ್ (ಸ್ಟ್ಯಾಂಡರ್ಡ್ 4.75ರಿಂದ 5.25 ಅನ್ನುತ್ತೆ). ಈ ಸಂದಿನಲ್ಲೇ ಮಾಡ್ಯುಲೇಶನ್ ಬದಲಾಗೋದು. ಆಮೇಲೆ 11 ಮೈಕ್ರೊಸೆಕೆಂಡಿನ ಸಿಂಕ್ (ರಿಸೀವರ್ ಹೊಂದಿಸಿಕೊಳ್ಳುವ ಗುರುತು), ಅದರ ಹಿಂದೆ ಪೇಲೋಡ್ (ನಿಜವಾದ ಡೇಟಾ). 2 ಮೆಗಾಬಿಟ್‌ಗೆ ಪೈ ಬೈ 4 ಡಿಕ್ಯೂಪಿಎಸ್‌ಕೆ, 3 ಮೆಗಾಬಿಟ್‌ಗೆ 8ಡಿಪಿಎಸ್‌ಕೆ (ಎರಡೂ ಫೇಸ್ ಬದಲಿಸುವ ಡಿಪಿಎಸ್‌ಕೆ ವಿಧಾನಗಳು). ಸಿಂಬಲ್ (ಒಂದು ಸಲಕ್ಕೆ ಕಳಿಸುವ ಸಂಕೇತ) ವೇಗ ಎರಡು ಕಡೆಯೂ ಅದೇ 10 ಲಕ್ಷ, ಒಂದು ಸಿಂಬಲ್‌ಗೆ ಹೊರುವ ಬಿಟ್ ಮಾತ್ರ ಹೆಚ್ಚು.

ಹಾರ್ಡ್‌ವೇರ್ ಕಡೆ ವ್ಯತ್ಯಾಸ ಎದ್ದು ಕಾಣುತ್ತೆ. ಜಿಎಫ್‌ಎಸ್‌ಕೆಯಲ್ಲಿ ಅಲೆಯ ಎತ್ತರ ಬದಲಾಗೋದೇ ಇಲ್ಲ, ಹಾಗಾಗಿ ಪವರ್ ಆಂಪ್ಲಿಫೈಯರ್ ಅನ್ನು ಪೂರ್ತಿ ತುಳಿಯಬಹುದು. ಡಿಪಿಎಸ್‌ಕೆಗೆ 0.4 ರೋಲ್-ಆಫ್‌ನ ರೂಟ್ ರೈಸ್ಡ್ ಕೊಸೈನ್ ಫಿಲ್ಟರ್ ಹಾಕಿದಾಗ ಎತ್ತರ ಏರಿಳಿಯುತ್ತೆ, ಲೀನಿಯರ್ ಆಂಪ್ಲಿಫೈಯರ್ ಬೇಕು. ಅದಕ್ಕೇ ಡಿಪಿಎಸ್‌ಕೆ ಭಾಗದ ಪವರ್ ಜಿಎಫ್‌ಎಸ್‌ಕೆ ಭಾಗಕ್ಕಿಂತ 4 ಡಿಬಿವರೆಗೆ ಕಡಿಮೆ ಇರಬಹುದು ಅಂತ ಸ್ಟ್ಯಾಂಡರ್ಡೇ ರಿಯಾಯಿತಿ ಕೊಟ್ಟಿದೆ.

ಜಗಳಗಂಟ
ಎತ್ತರದ ಕತೆ ಬಿಡಿ. ಜಿಎಫ್‌ಎಸ್‌ಕೆಯಲ್ಲೂ ಫೇಸ್ ತಿರುಗೋದೇ ತಾನೆ? ಫ್ರೀಕ್ವೆನ್ಸಿ ಅಂದರೇ ಫೇಸ್ ಬದಲಾಗುವ ವೇಗ. ಹಾಗಾದ್ರೆ ಎರಡೂ ಒಂದೇ ಕುಟುಂಬ.

ತರಂಗ_ತಟ್ಟೆ
ಲೆಕ್ಕ ಹಾಕಿ ನೋಡಿ. ಬ್ಲೂಟೂತ್ ಜಿಎಫ್‌ಎಸ್‌ಕೆಯ ಮಾಡ್ಯುಲೇಶನ್ ಇಂಡೆಕ್ಸ್ (ಫ್ರೀಕ್ವೆನ್ಸಿ ಎಷ್ಟು ಸರಿಯುತ್ತೆ ಅನ್ನುವ ಅಳತೆ) 0.28ರಿಂದ 0.35. ನಡುವಿನ 0.32 ಹಿಡಿದರೆ ಕ್ಯಾರಿಯರ್ 160 ಕಿಲೋಹರ್ಟ್ಸ್ ಅತ್ತ ಅಥವಾ ಇತ್ತ ಸರಿಯುತ್ತೆ. ಒಂದು ಬಿಟ್ ಅವಧಿಯಲ್ಲಿ ಫೇಸ್ ತಿರುಗೋದು 180 ಗುಣಿಸು 0.32, ಅಂದರೆ 57.6 ಡಿಗ್ರಿ. ಅದೂ ಒಂದೇ ಬಿಟ್ ಸಾಲಾಗಿ ಬಂದರೆ ಮಾತ್ರ. 1010 ಅಂತ ಬಂದರೆ ಗಾಸಿಯನ್ ಫಿಲ್ಟರ್ ಅದನ್ನು ಇನ್ನಷ್ಟು ಕುಗ್ಗಿಸುತ್ತೆ. ಅಂದಮೇಲೆ ಬಿಟ್ ಇರೋದು ಫ್ರೀಕ್ವೆನ್ಸಿ ಯಾವ ಕಡೆ ಸರಿಯಿತು ಅನ್ನೋದರಲ್ಲಿ. ಫೇಸ್ ಎಷ್ಟು ಡಿಗ್ರಿಯಲ್ಲಿ ನಿಂತಿತು ಅಂತ ಸಾದಾ ಡಿಸ್ಕ್ರಿಮಿನೇಟರ್ (ಫ್ರೀಕ್ವೆನ್ಸಿ ಮಾತ್ರ ನೋಡುವ) ರಿಸೀವರ್ ಕೇಳೋದೇ ಇಲ್ಲ.

8ಡಿಪಿಎಸ್‌ಕೆಯಲ್ಲಿ ಉಲ್ಟಾ. ಹಿಂದಿನ ಸಿಂಬಲ್‌ಗೂ ಈಗಿನದಕ್ಕೂ ನಡುವಿನ ಜಿಗಿತ 45ರ ಗುಣಕ, 8 ಸಾಧ್ಯತೆ, ಆ ಜಿಗಿತವೇ ಮಾಹಿತಿ.

ನಿಮ್ಮ ಮಾತಿಗೆ ಬಲ ಬರಬೇಕಿದ್ದರೆ ಇಂಡೆಕ್ಸ್ ಸರಿಯಾಗಿ 0.5 ಇರಬೇಕಿತ್ತು. ಆಗ ಅದು ಎಮ್‌ಎಸ್‌ಕೆ (ಎಫ್‌ಎಸ್‌ಕೆಯ ವಿಶೇಷ ರೂಪ), ಅದನ್ನು ಆಫ್‌ಸೆಟ್ ಕ್ಯೂಪಿಎಸ್‌ಕೆ (ಫೇಸ್ ಬದಲಿಸುವ ವಿಧಾನ) ಅಂತಲೂ ಬರೆಯಬಹುದು, ಕುಟುಂಬದ ಗೋಡೆ ನಿಜಕ್ಕೂ ತೆಳುವಾಗುತ್ತೆ. ಬ್ಲೂಟೂತ್ ಅಲ್ಲಿಲ್ಲ.

ಜಗಳಗಂಟ
ಗಣಿತದಲ್ಲಿ ಗೋಡೆ ಇಲ್ಲ ಅಂದಮೇಲೆ ಇಲ್ಲ. 0.5 ಆದರೆ ಒಂದು ಕುಟುಂಬ, 0.35 ಆದರೆ ಬೇರೆ ಕುಟುಂಬ ಅನ್ನೋದು ಯಾವ ನ್ಯಾಯ? ‘ಕುಟುಂಬ’ ಅನ್ನೋದಕ್ಕೆ ಗಡಿಯೇ ಇಲ್ಲ. 2014ರ ನಾಟಿಲಸ್ ತೀರ್ಪಿನ ಪ್ರಕಾರ ಕ್ಲೈಮಿನ ವ್ಯಾಪ್ತಿ ಕಸುಬುದಾರನಿಗೆ ತಕ್ಕಮಟ್ಟಿನ ಖಚಿತತೆಯಿಂದ ತಿಳಿಯಬೇಕು.

ಮೇಲ್ಮನವಿ_ಮಾಲತಿ
ಜಗಳಗಂಟ ಅವರೇ, ನೀವು ಎರಡು ಪ್ರಶ್ನೆ ಬೆರೆಸುತ್ತಿದ್ದೀರಿ. ಪದದ ಅರ್ಥ ಏನು, ಇದು ಒಂದು. ಆ ಅರ್ಥದೊಳಗೆ ಈ ಫೋನ್ ಬರುತ್ತದಾ, ಇದು ಇನ್ನೊಂದು. 1996ರ ಮಾರ್ಕ್‌ಮನ್ ತೀರ್ಪಿನಿಂದ ಮೊದಲನೆಯದು ನ್ಯಾಯಾಧೀಶರ ಕೆಲಸ. ಎರಡನೆಯದು ಜ್ಯೂರಿಯದು. ಜಿಎಫ್‌ಎಸ್‌ಕೆ, ಡಿಪಿಎಸ್‌ಕೆ ಬೇರೆ ಕುಟುಂಬವೇ ಅನ್ನೋದನ್ನು ಜ್ಯೂರಿ ತಜ್ಞರ ಸಾಕ್ಷ್ಯ ಕೇಳಿ ತೀರ್ಮಾನಿಸಿತು: ಒಂದು ಫ್ರೀಕ್ವೆನ್ಸಿ ಬದಲಿಸುತ್ತೆ, ಇನ್ನೊಂದು ಫೇಸ್ ಬದಲಿಸುತ್ತೆ. ಅಪೀಲು ಕೋರ್ಟ್ ಅಲ್ಲಿ ನೋಡೋದು ಇಷ್ಟೇ: ಸಮಂಜಸ ಜ್ಯೂರಿ ಹೀಗೆ ಹೇಳಲು ಸಾಕಷ್ಟು ಸಾಕ್ಷ್ಯ ಇತ್ತಾ? ಇತ್ತು, ಮುಗೀತು. ನಿಮ್ಮ ಗಣಿತ ಎಷ್ಟು ಚೆನ್ನಾಗಿದ್ದರೂ ಮೂವರು ನ್ಯಾಯಮೂರ್ತಿಗಳು ಅದನ್ನು ಹೊಸದಾಗಿ ತೂಗಲ್ಲ.

ಇದೇ ಕಾರಣಕ್ಕೆ ಸೋತ ಕಡೆಯವರು ಎಲ್ಲವನ್ನೂ ‘ಇದು ಅರ್ಥದ ಪ್ರಶ್ನೆ’ ಅಂತ ಬಿಂಬಿಸ್ತಾರೆ. ಗೆದ್ದ ಕಡೆಯವರು ‘ಇದು ಸಾಕ್ಷ್ಯದ ಪ್ರಶ್ನೆ’ ಅಂತಾರೆ. ಪ್ರಶ್ನೆ ಯಾವ ಪೆಟ್ಟಿಗೆಗೆ ಬಿತ್ತು ಅನ್ನೋದರ ಮೇಲೆ ಅರ್ಧ ಅಪೀಲು ತೀರ್ಮಾನ ಆಗಿರುತ್ತೆ.

ನೇರಮಾತು
ಅರ್ಥದ ಪ್ರಶ್ನೆ ಆದರೆ ಅಪೀಲಿನಲ್ಲಿ ಎಲ್ಲಾ ಮೊದಲಿಂದ. ಕೆಳಗಿನ ಕೋರ್ಟಿಗೆ ಯಾವ ಮರ್ಯಾದೆಯೂ ಇಲ್ಲ.

ಮೇಲ್ಮನವಿ_ಮಾಲತಿ
2015ರ ಮುಂಚೆ ಹಾಗಿತ್ತು. ಟೇವಾ–ಸ್ಯಾಂಡೋಜ್ ಆದಮೇಲೆ ಇಲ್ಲ. ಕ್ಲೈಮು, ವಿವರಣೆ, ಕಡತ ಇಷ್ಟನ್ನೇ ನೋಡಿ ಅರ್ಥ ಮಾಡಿದ್ದರೆ ಅಪೀಲು ಕೋರ್ಟ್ ಹೊಸದಾಗಿ ನೋಡುತ್ತೆ. ಕೆಳಗಿನ ನ್ಯಾಯಾಧೀಶರು ಹೊರಗಿನ ಸಾಕ್ಷ್ಯ ಕೇಳಿ ‘ಆ ಕಾಲದಲ್ಲಿ ಈ ಕಸುಬಿನವರಿಗೆ ಈ ಪದ ಹೀಗೆ ಅರ್ಥ ಆಗುತ್ತಿತ್ತು’ ಅಂತ ವಾಸ್ತವಾಂಶ ತೀರ್ಮಾನಿಸಿದ್ದರೆ ಆ ತುಂಡನ್ನು ಎದ್ದುಕಾಣುವ ತಪ್ಪಿಲ್ಲದೆ ಮುಟ್ಟೋ ಹಾಗಿಲ್ಲ. ಅದಕ್ಕೇ ಈಗ ಬುದ್ಧಿವಂತ ಪಾರ್ಟಿಗಳು ಮಾರ್ಕ್‌ಮನ್ ವಿಚಾರಣೆಯಲ್ಲೇ (ಕ್ಲೈಮಿನ ಅರ್ಥ ತೀರ್ಮಾನಿಸುವ ವಿಚಾರಣೆ) ತಜ್ಞರನ್ನು ಕೂರಿಸಿ, ಆ ತೀರ್ಮಾನ ಆದೇಶದಲ್ಲಿ ಬರೆಸಿಕೊಳ್ಳುತ್ತಾರೆ. ಆದೇಶದಲ್ಲಿ ಆ ಸಾಲು ಇಲ್ಲದಿದ್ದರೆ ತಜ್ಞರಿಗೆ ಕೊಟ್ಟ ದುಡ್ಡು ಅಪೀಲಿನ ಮಟ್ಟಿಗೆ ದಂಡ.

ಅರ್ಜಿಗುಮಾಸ್ತ
ಇದು ಸರಿ ಹೋಯ್ತು. ಆದರೆ ‘ಕುಟುಂಬ’ ಅನ್ನೋದಕ್ಕೇ ಎರಡು ಕಡೆಯವರು ಎರಡು ಅರ್ಥ ಹೇಳಿದರೆ? ವ್ಯಾಖ್ಯೆಗೇ ವ್ಯಾಖ್ಯೆ ಬೇಕಾದರೆ?

ಮೇಲ್ಮನವಿ_ಮಾಲತಿ
ಅದಕ್ಕೆ 2008ರ ಓ2 ಮೈಕ್ರೊ ಇದೆ. ವ್ಯಾಪ್ತಿಯ ಬಗ್ಗೆ ನಿಜವಾದ ತಕರಾರು ಇದ್ದರೆ ನ್ಯಾಯಾಧೀಶರೇ ಬಿಡಿಸಬೇಕು, ಜ್ಯೂರಿ ಮೇಲೆ ಎಸೆಯಬಾರದು. ಆದರೆ ತಕರಾರನ್ನು ಕೆಳಗೇ ಎತ್ತಿರಬೇಕು. ವಿಚಾರಣೆ ಮುಗಿದು ತೀರ್ಪು ಬಂದಮೇಲೆ ‘ಕುಟುಂಬ ಅಂದ್ರೆ ಯಾವ ಗುಣವೂ ಹಂಚಿಕೊಳ್ಳದ್ದು’ ಅಂತ ಹೊಸ ಅರ್ಥ ತಂದರೆ ಕೇಳೋರಿಲ್ಲ. ಜೊತೆಗೆ ಜ್ಯೂರಿಗೆ ಕೇಸು ಹೋಗೋ ಮುಂಚೆ ರೂಲ್ 50(ಎ) ಅರ್ಜಿ (ಸಾಕ್ಷ್ಯ ಸಾಲದು, ನ್ಯಾಯಾಧೀಶರೇ ತೀರ್ಪು ಕೊಡಲಿ ಅಂತ), ತೀರ್ಪಿನ ನಂತರ 50(ಬಿ). ಮೊದಲನೆಯದರಲ್ಲಿ ಇಲ್ಲದ ಕಾರಣ ಎರಡನೆಯದರಲ್ಲಿ ಹುಟ್ಟಲ್ಲ.

ಮೇಣದಬೊಂಬೆ
ಯಾರೂ ಬೋಯರ್ ಬಗ್ಗೆ ಮಾತಾಡ್ತಿಲ್ಲ ಯಾಕೆ? ಅರ್ಥ ಹಿಗ್ಗಿಸಿದರೆ ಪೇಟೆಂಟುದಾರನಿಗೇ ಕುತ್ತು. ರೆಂಬ್ರಾಂಟ್ ಪೇಟೆಂಟ್ ಅಮಾನ್ಯ ಅಂತ ತೋರಿಸಲು ಸ್ಯಾಮ್‌ಸಂಗ್ ತಂದಿದ್ದು ಬೋಯರ್ ಅನ್ನುವ ಹಳೇ ಪೇಟೆಂಟನ್ನು. ಅದರಲ್ಲಿ ಹೆಡರ್ ಡಿಬಿಪಿಎಸ್‌ಕೆ, ಡೇಟಾ ಭಾಗ ಬೇರೆ ವೇಗದಲ್ಲಿ ಬೇರೆ ವಿಧಾನ, ಅದರಲ್ಲಿ ಪಿಪಿಎಮ್–ಡಿಕ್ಯೂಪಿಎಸ್‌ಕೆ (ಪಲ್ಸಿನ ಸ್ಥಾನದಲ್ಲೂ ಫೇಸಿನಲ್ಲೂ ಮಾಹಿತಿ) ಕೂಡ. ಸಂದೇಶದ ನಡುವೆ ಮಾಡ್ಯುಲೇಶನ್ ಬದಲಿಸೋದು ಆಗಲೇ ಇತ್ತು ಅನ್ನೋದು ವಾದ. ಮಾಸ್ಟರ್–ಸ್ಲೇವ್ ಅನ್ನೋದಂತೂ ಪೇಟೆಂಟೇ ಹಳೇದು ಅಂತ ಒಪ್ಪಿಕೊಂಡ ಸಂಗತಿ. ಆದರೂ ಎರಡನ್ನೂ ಜೋಡಿಸೋದು ಎದ್ದುಕಾಣುವಂಥದ್ದಲ್ಲ ಅನ್ನುವ ಜ್ಯೂರಿ ತೀರ್ಪು ಅಪೀಲಿನಲ್ಲೂ ಉಳಿಯಿತು.

ನನ್ನ ಮಾತು ಇಷ್ಟೇ: ಉಲ್ಲಂಘನೆಗೆ ಒಂದು ಅರ್ಥ, ಮಾನ್ಯತೆಗೆ ಇನ್ನೊಂದು ಅರ್ಥ ಅಂತ ಇಟ್ಟುಕೊಳ್ಳೋ ಹಾಗಿಲ್ಲ. ಕ್ಲೈಮ್ ಮೇಣದ ಮೂಗಲ್ಲ, ಬೇಕಾದ ಕಡೆ ತಿರುಚೋಕೆ. 2001ರ ಅಮೆಜಾನ್–ಬಾರ್ನ್ಸ್ ಅಂಡ್ ನೋಬಲ್ ತೀರ್ಪಿನಲ್ಲಿ ಅದೇ ಮಾತಿದೆ. ‘ಹೊಂದಿಕೊಳ್ಳದ’ ಅನ್ನುವ ಕಿರಿದಾದ ಅರ್ಥ ಒಪ್ಪಿದ್ದಿದ್ದರೆ ಸ್ಯಾಮ್‌ಸಂಗ್ ಉಲ್ಲಂಘನೆಯಿಂದ ಪಾರಾಗಬಹುದಿತ್ತು, ಆದರೆ ಹಳೇ ತಂತ್ರ ತೋರಿಸಿ ಪೇಟೆಂಟ್ ಕೆಡವೋದು ಇನ್ನೂ ಕಷ್ಟ ಆಗ್ತಿತ್ತು. ಅಪೀಲು ಬರೆಯೋ ಮೊದಲು ಈ ತಕ್ಕಡಿ ನೋಡಬೇಕು.

ತರಂಗ_ತಟ್ಟೆ
ಕೆಲವು ಕ್ಲೈಮ್‌ಗಳಲ್ಲಿ ಇನ್ನೊಂದು ಮುಳ್ಳಿದೆ. ಸಂದೇಶದ ಮೊದಲ ಭಾಗವೇ ‘ಮುಂದೆ ಮಾಡ್ಯುಲೇಶನ್ ಬದಲಾಗುತ್ತೆ’ ಅಂತ ಸೂಚಿಸಬೇಕು. ಬ್ಲೂಟೂತ್ ಹೆಡರಿನಲ್ಲಿ ಪ್ಯಾಕೆಟ್ ಟೈಪಿಗೆ ಇರೋದು 4 ಬಿಟ್. 0100 ಅಂದರೆ ಮೂಲ ಪಟ್ಟಿಯಲ್ಲಿ ಡಿಹೆಚ್1 (ಪೂರ್ತಿ ಜಿಎಫ್‌ಎಸ್‌ಕೆ ಪ್ಯಾಕೆಟ್), ಇಡಿಆರ್ ಪಟ್ಟಿಯಲ್ಲಿ 2-ಡಿಹೆಚ್1. ಯಾವ ಪಟ್ಟಿ ಅನ್ನೋದು ಲಿಂಕ್ ಮ್ಯಾನೇಜರ್‌ಗಳು (ಎರಡೂ ಸಾಧನಗಳಲ್ಲಿ ಸಂಪರ್ಕ ನೋಡಿಕೊಳ್ಳುವ ಭಾಗ) ಮೊದಲೇ ಮಾತಾಡಿಕೊಂಡಿರುತ್ತವೆ. ಹಾಗಾದರೆ ಸೂಚಿಸಿದ್ದು ಹೆಡರಾ, ಹಳೇ ಒಪ್ಪಂದವಾ?

ಜಗಳಗಂಟ
ಒಪ್ಪಂದವೇ. ಹೆಡರ್ ಬರೀ 0100.

ತರಂಗ_ತಟ್ಟೆ
ಅಷ್ಟು ಸುಲಭ ಅಲ್ಲ. ಇಡಿಆರ್ ಪಟ್ಟಿ ಜಾರಿಯಲ್ಲಿದ್ದಾಗಲೂ 0011 ಬಂದರೆ ಅದು ಡಿಎಮ್1, ಪೂರ್ತಿ ಜಿಎಫ್‌ಎಸ್‌ಕೆ, ಬದಲಾವಣೆಯೇ ಇಲ್ಲ. 0100 ಬಂದರೆ ಬದಲಾವಣೆ. ಪಟ್ಟಿ ಗೊತ್ತಿರುವ ರಿಸೀವರ್‌ಗೆ ಈ ಪ್ಯಾಕೆಟ್ಟಿನಲ್ಲಿ ಬದಲಾಗುತ್ತಾ ಇಲ್ಲವಾ ಅಂತ ಹೇಳೋದು ಹೆಡರೇ. ಕ್ಲೈಮ್ ಚಾರ್ಟ್ (ಕ್ಲೈಮಿನ ಪ್ರತಿ ಅಂಶ ಸರಕಿನಲ್ಲಿ ಎಲ್ಲಿದೆ ಅಂತ ತೋರಿಸುವ ಪಟ್ಟಿ) ಮಾಡುವಾಗ ‘ಹೆಡರ್ ಸೂಚಿಸುತ್ತದೆ’ ಅಂತ ಒಂದು ಸಾಲು ಗೀಚಿ ಮುಂದೆ ಹೋದರೆ ಎದುರಿನ ತಜ್ಞ ಅಲ್ಲೇ ಹಿಡೀತಾನೆ. ಎರಡೂ ಪಟ್ಟಿ ಪಕ್ಕಪಕ್ಕ ಹಾಕಿ, 4 ಬಿಟ್ಟಿನ ಬೆಲೆ ಬರೆದು, ಯಾವ ಬೆಲೆಗೆ ಯಾವ ಮಾಡ್ಯುಲೇಶನ್ ಅಂತ ತೋರಿಸಬೇಕು.

ಚಾವಡಿ
ಪಕ್ಕದ ದಾರಿ: ಇಂಥದ್ದೇ ಇನ್ನೊಂದು, 2004ರ ಸೂಪರ್‌ಗೈಡ್–ಡೈರೆಕ್‌ಟಿವಿ. ‘ನಿಯಮಿತವಾಗಿ ಬರುವ ಟಿವಿ ಸಿಗ್ನಲ್’ ಅಂದ್ರೆ ಅನಲಾಗ್ ಮಾತ್ರವಾ, ಡಿಜಿಟಲ್ಲೂ ಸೇರುತ್ತದಾ? ಅರ್ಜಿ ಹಾಕಿದಾಗ ಡಿಜಿಟಲ್ ಪ್ರಸಾರ ಇನ್ನೂ ಮನೆಗಳಿಗೆ ಬಂದಿರಲಿಲ್ಲ. ಆದರೂ ಕ್ಲೈಮಿನಲ್ಲಿ ‘ಅನಲಾಗ್’ ಅಂತ ಬರೆದಿಲ್ಲ ಅಂತ ಡಿಜಿಟಲ್ಲನ್ನೂ ಒಳಗೆ ಬಿಟ್ಟರು.

ಮೇಣದಬೊಂಬೆ
ಅದೇ ತೀರ್ಪಿನ ಇನ್ನೊಂದು ಪಾಲು ಡ್ರಾಫ್ಟ್ ಮಾಡುವವರ ನಿದ್ದೆಗೆಡಿಸಿದ್ದು. ‘ಎ, ಬಿ, ಸಿ ಮತ್ತು ಡಿ ಇವುಗಳಲ್ಲಿ ಕನಿಷ್ಠ ಒಂದು’ ಅಂತ ಬರೆದಿದ್ದರು. ಕೋರ್ಟ್ ಅದನ್ನ ಪ್ರತಿಯೊಂದರಿಂದಲೂ ಕನಿಷ್ಠ ಒಂದು ಅಂತ ಓದಿತು. ಯಾವುದಾದರೂ ಒಂದು ಸಾಕು ಅನ್ನೋ ಅರ್ಥ ಬೇಕಿದ್ದರೆ ‘ಅಥವಾ’ ಹಾಕಿ. ಹಾಗೇ 2023ರ ಸಲಜಾರ್–ಎಟಿ ಅಂಡ್ ಟಿ: ‘ಒಂದು ಮೈಕ್ರೊಪ್ರೊಸೆಸರ್’ ಅಂತ ಶುರುಮಾಡಿ ಮುಂದೆ ‘ಆ ಮೈಕ್ರೊಪ್ರೊಸೆಸರ್’ ಅಂತ ಕೆಲಸ ಹಚ್ಚುತ್ತಾ ಹೋದರೆ, ಎಲ್ಲಾ ಕೆಲಸವನ್ನೂ ಮಾಡಬಲ್ಲ ಒಂದೇ ಚಿಪ್ ಇರಬೇಕು. ಎರಡು ಚಿಪ್ ಹಂಚಿಕೊಂಡು ಮಾಡಿದರೆ ಕ್ಲೈಮಿಗೆ ಸಿಕ್ಕಲ್ಲ. ಈಗಿನ ಫೋನುಗಳಲ್ಲಿ ಬೇಸ್‌ಬ್ಯಾಂಡ್ (ರೇಡಿಯೊ ಸಂಪರ್ಕ ನೋಡಿಕೊಳ್ಳುವ ಪ್ರೊಸೆಸರ್) ಬೇರೆ, ಅಪ್ಲಿಕೇಶನ್ ಪ್ರೊಸೆಸರ್ ಬೇರೆ. ಕ್ಲೈಮ್ ಬರೆಯುವಾಗ ಒಂದು ‘ಆ’ ಎಷ್ಟು ದುಬಾರಿ ಲೆಕ್ಕ ಹಾಕಿ.

ನೇರಮಾತು
ಇದನ್ನೆಲ್ಲ ನೋಡಿದರೆ ಎಕ್ಸಾಮಿನರ್‌ಗೆ ಏನೂ ಬರೆಯದಿರೋದೇ ಲೇಸು.

ಕಡತಹುಳ
ಅರ್ಧ ಸರಿ. ಟಿಪ್ಪಣಿ ಚಿಕ್ಕದಿರಲಿ, ಹಳೇ ತಂತ್ರದಲ್ಲಿ ಯಾವ ಅಂಶ ಇಲ್ಲ ಅಂತಷ್ಟೇ ತೋರಿಸಿ, ನಿಮ್ಮ ಪದಕ್ಕೆ ಸಮಾನಾರ್ಥ ಕೊಡಬೇಡಿ. ಆದರೆ ಗಮನಿಸಿ, ರೆಂಬ್ರಾಂಟ್‌ನಲ್ಲಿ ಆ ಟಿಪ್ಪಣಿಯೇ ಪೇಟೆಂಟುದಾರನನ್ನು ಉಳಿಸಿತು! ಸಾಮಾನ್ಯವಾಗಿ ಕಡತ ಕತ್ತು ಕೊಯ್ಯುತ್ತೆ, ಇಲ್ಲಿ ಕತ್ತು ಕಾಯಿತು.

ಬಿಟ್ಟುಕೊಟ್ಟಿದ್ದು ಅಂತ ಹೇಳಬೇಕಾದರೆ ಮಾತು ಸ್ಪಷ್ಟ, ನಿಸ್ಸಂದೇಹ ಇರಬೇಕು, 2003ರ ಒಮೆಗಾ–ರೇಟೆಕ್. ಎರಡು ರೀತಿ ಓದಬಹುದಾದ ಮಾತು ಸಾಕಾಗಲ್ಲ. ಪೇಟೆಂಟ್ ಬಂದಮೇಲೂ ಬಾಯಿ ಭದ್ರ: 2017ರ ಐಲಸ್–ಆಪಲ್‌ನಲ್ಲಿ ಮೀಡಿಯಾ ಸ್ಟ್ರೀಮಿಂಗ್ ಪೇಟೆಂಟ್ ಉಳಿಸಿಕೊಳ್ಳಲು ಪೇಟೆಂಟ್ ಮಂಡಳಿಯ ಐಪಿಆರ್‌ನಲ್ಲಿ (ಕೊಟ್ಟ ಪೇಟೆಂಟಿನ ಮರುಪರಿಶೀಲನೆ) ಆಡಿದ ಮಾತನ್ನೇ ಕೋರ್ಟಿನಲ್ಲಿ ಅವರ ಮೇಲೆ ತಿರುಗಿಸಿದರು. ಅಂದಹಾಗೆ 2018ರ ನವೆಂಬರ್ 13ರಿಂದ ಸಲ್ಲಿಸಿದ ಐಪಿಆರ್ ಅರ್ಜಿಗಳಿಗೆ ಮಂಡಳಿಯೂ ಫಿಲಿಪ್ಸ್ ಅಳತೆಯನ್ನೇ ಹಿಡಿಯುತ್ತೆ. ಅದಕ್ಕೂ ಮೊದಲು ಅಲ್ಲಿ ‘ಸಮಂಜಸವಾದ ಅತಿ ವಿಶಾಲ ಅರ್ಥ’ ಇತ್ತು, ಒಂದೇ ಪದಕ್ಕೆ ಎರಡು ಕಡೆ ಎರಡು ಹಣೆಬರಹ. ಹಳೇ ತೀರ್ಪು ಉಲ್ಲೇಖಿಸುವಾಗ ದಿನಾಂಕ ನೋಡಿ.

ಅರ್ಜಿಗುಮಾಸ್ತ
ಕಡತ ಓದೋ ಕ್ರಮ ಹೇಳ್ತೀರಾ? ಸಾವಿರಾರು ಪುಟ ಇರುತ್ತೆ.

ಕಡತಹುಳ
ಹಿಂದಿನಿಂದ ಶುರು ಮಾಡಿ. ಪೇಟೆಂಟ್ ಕಚೇರಿಯ ಪೇಟೆಂಟ್ ಸೆಂಟರ್‌ನಲ್ಲಿ ಕಡತ ಇಳಿಸಿಕೊಂಡು ಮೊದಲು ಮಂಜೂರಾತಿ ಪತ್ರ ತೆಗೆಯಿರಿ, ಎಕ್ಸಾಮಿನರ್ ಕಾರಣ ಬರೆದಿದ್ದರೆ ಯಾವ ಮಿತಿಗೆ ಮಣಿದರು ಅಂತ ಅಲ್ಲೇ ಗೊತ್ತಾಗುತ್ತೆ. ಆಮೇಲೆ ತಿದ್ದುಪಡಿಗಳು: ಅಡಿಗೆರೆ ಎಳೆದದ್ದು ಸೇರಿದ ಪದ, ಹೊಡೆದುಹಾಕಿದ್ದು ತೆಗೆದ ಪದ. ತಕರಾರಿನ ಪದ ಯಾವ ತಾರೀಖಿನ ತಿದ್ದುಪಡಿಯಲ್ಲಿ ಹುಟ್ಟಿತು ಅಂತ ಗುರುತು ಹಾಕಿ ಅದೇ ದಿನದ ಟಿಪ್ಪಣಿ ಓದಿ. ಎಕ್ಸಾಮಿನರ್ ಜೊತೆಗಿನ ಸಂದರ್ಶನದ ಸಾರಾಂಶ ಬಿಡಬೇಡಿ, ಒಂದೇ ಪುಟ ಇರುತ್ತೆ, ಎಲ್ಲರೂ ಹಾರಿಸೋದು ಅದನ್ನೇ. ಆಮೇಲೆ ತಾಯಿ ಅರ್ಜಿ, ಒಡಹುಟ್ಟಿದ ಅರ್ಜಿಗಳು, ಅದೇ ಪದ ಅಲ್ಲಿದ್ದರೆ ಅಲ್ಲಿನ ಮಾತೂ ಲೆಕ್ಕಕ್ಕೆ ಬರುತ್ತೆ. ಉಪಕ್ಲೈಮ್‌ಗಳನ್ನು (ಮುಖ್ಯ ಕ್ಲೈಮಿಗೆ ಇನ್ನಷ್ಟು ಮಿತಿ ಸೇರಿಸುವವು) ಕೊನೆಗೆ ನೋಡಿ. ‘ಉಪಕ್ಲೈಮಿನಲ್ಲಿ ಇದೆ, ಹಾಗಾಗಿ ಮುಖ್ಯ ಕ್ಲೈಮ್ ಅದಕ್ಕಿಂತ ಅಗಲ’ ಅನ್ನೋದು ಒಳ್ಳೇ ಊಹೆ ಅಷ್ಟೇ, ಕಡತದ ನೆಟ್ಟಗಿನ ಮಾತಿನ ಮುಂದೆ ಅದು ನಿಲ್ಲಲ್ಲ.

ಚಾವಡಿ
ಇಷ್ಟೆಲ್ಲ ಗೆದ್ದೂ ರೆಂಬ್ರಾಂಟ್‌ಗೆ ದುಡ್ಡು ಪೂರ್ತಿ ಸಿಕ್ಕಿತಾ?

ಮೇಣದಬೊಂಬೆ
ಅಲ್ಲೇ ಎಡವಿದ್ದು. ಅವರಿಂದ ಲೈಸೆನ್ಸ್ ಪಡೆದ ಜೋನ್ ಟೆಕ್ನಾಲಜೀಸ್‌ನ ಸರಕಿನ ಮೇಲೆ ಪೇಟೆಂಟ್ ನಂಬರ್ ಹಾಕಿರಲಿಲ್ಲ. ಪೇಟೆಂಟ್ ಕಾನೂನಿನ ಸೆಕ್ಷನ್ 287 ಪ್ರಕಾರ ನಂಬರೂ ಇಲ್ಲ, ನೋಟಿಸೂ ಇಲ್ಲ ಅಂದರೆ ಹಿಂದಿನ ಅವಧಿಯ ಪರಿಹಾರ ಇಲ್ಲ. ಆ ಸರಕಿಗೆ ತಾಗುವ ಕ್ಲೈಮ್ 40 ಅನ್ನು ಪೇಟೆಂಟ್ ಕಚೇರಿಯಲ್ಲಿ ಕೈಬಿಟ್ಟು, ಇನ್ನು ನಂಬರ್ ಹಾಕೋ ಪ್ರಶ್ನೆಯೇ ಇಲ್ಲ ಅಂದರು. ಕೆಳಗಿನ ಕೋರ್ಟ್ ಒಪ್ಪಿತು, ಅಪೀಲು ಕೋರ್ಟ್ ಒಪ್ಪಲಿಲ್ಲ. ಕ್ಲೈಮ್ ಕೈಬಿಟ್ಟ ಮಾತ್ರಕ್ಕೆ ಹಿಂದೆ ನಂಬರ್ ಹಾಕದ ಲೋಪ ಮಾಫಿ ಆಗಲ್ಲ ಅಂತ. ನಂಬರಿನ ಲೆಕ್ಕ ಇಡೀ ಪೇಟೆಂಟಿಗಾ, ಒಂದೊಂದು ಕ್ಲೈಮಿಗಾ ಅನ್ನೋದನ್ನ ನೋಡಿ ಅಂತ ವಾಪಸ್ ಕಳಿಸಿದರು.

ಜಗಳಗಂಟ
ನೋಡಿ, ಎರಡು ಪುಟ ಮಾಡ್ಯುಲೇಶನ್ ಜಗಳ, ದುಡ್ಡು ಹೋಗೋದು ಸ್ಟಿಕ್ಕರ್ ವಿಷಯಕ್ಕೆ.

ಮೇಲ್ಮನವಿ_ಮಾಲತಿ
ಸ್ಟಿಕ್ಕರ್ ಅಂತ ಹಗುರ ಮಾಡಬೇಡಿ. ಅದೇ ವರ್ಷ ಆರ್ಕ್ಟಿಕ್ ಕ್ಯಾಟ್–ಬೊಂಬಾರ್ಡಿಯರ್‌ನಲ್ಲಿ ಇದಕ್ಕೆ ಕ್ರಮ ಹಾಕಿಕೊಟ್ಟರು. ನಂಬರಿಲ್ಲದ ಸರಕು ಇಂಥದ್ದು ಅಂತ ಆರೋಪಿ ಬೊಟ್ಟು ಮಾಡಿದರೆ ಸಾಕು, ಅದು ಕ್ಲೈಮಿಗೆ ಸೇರಲ್ಲ ಅಂತ ರುಜುವಾತು ಮಾಡೋ ಹೊರೆ ಪೇಟೆಂಟುದಾರನದು. ಲೈಸೆನ್ಸ್ ಪತ್ರದಲ್ಲೇ ನಂಬರ್ ಹಾಕುವ ಷರತ್ತು ಬರೆದುಕೊಳ್ಳಬೇಕು.

ಅರ್ಜಿಗುಮಾಸ್ತ
ಕೊನೇ ಪ್ರಶ್ನೆ. ಅರ್ಥ ತಪ್ಪಾಗಿತ್ತು ಅಂತ ಒಪ್ಪಿದರೂ ಕೆಲವು ಅಪೀಲು ಸೋಲುತ್ತಲ್ಲ, ಯಾಕೆ?

ಮೇಲ್ಮನವಿ_ಮಾಲತಿ
ತಪ್ಪು ಅರ್ಥದಿಂದ ಫಲಿತಾಂಶಕ್ಕೆ ಪೆಟ್ಟು ಬಿತ್ತು ಅಂತ ತೋರಿಸದೆ ಇರೋದಕ್ಕೆ. ಸರಿ ಅರ್ಥದಲ್ಲೂ ಅದೇ ಫೋನ್ ಅದೇ ಕ್ಲೈಮಿಗೆ ಸಿಕ್ಕೋದಾದರೆ ತೀರ್ಪು ಹಾಗೇ ಉಳಿಯುತ್ತೆ. ಬ್ರೀಫಿನಲ್ಲಿ (ಲಿಖಿತ ವಾದ) ‘ಈ ಅರ್ಥ ಹಿಡಿದಿದ್ದರೆ ಇಂಥ ಸಾಕ್ಷಿಯ ಇಂಥ ಮಾತು ಉಪಯೋಗಕ್ಕೇ ಬರುತ್ತಿರಲಿಲ್ಲ’ ಅಂತ ಅಪೆಂಡಿಕ್ಸ್ ಪುಟಸಂಖ್ಯೆ ಸಮೇತ ಹೇಳಿ. ಜಿಲ್ಲಾ ಕೋರ್ಟಿನ ತೀರ್ಪಿನಿಂದ 30 ದಿನದೊಳಗೆ ಅಪೀಲಿನ ನೋಟಿಸ್, ಅಪೀಲು ದಾಖಲಾದಮೇಲೆ ಮೊದಲ ಬ್ರೀಫಿಗೆ 60 ದಿನ, ಎದುರಿನವರಿಗೆ 40, ನಿಮ್ಮ ಮರುತ್ತರಕ್ಕೆ 21. ಮೊದಲ ಬ್ರೀಫಿಗೆ 14,000 ಪದದ ಮಿತಿ. ಐದು ಪದಗಳ ಅರ್ಥಕ್ಕೆ ಜಗಳ ತೆಗೆದರೆ ಆ ಜಾಗದಲ್ಲಿ ಒಂದಕ್ಕೂ ಉಸಿರಾಡೋಕಾಗಲ್ಲ. ಬಾಯಿವಾದಕ್ಕೆ ಸಾಮಾನ್ಯವಾಗಿ ಸಿಗೋದು ಒಂದು ಕಡೆಗೆ 15 ನಿಮಿಷ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯಾಯಮೂರ್ತಿಗಳ ಪ್ರಶ್ನೆಗೇ ಹೋಗುತ್ತೆ.

ಚಾವಡಿ
ವಾದದ ಧ್ವನಿಮುದ್ರಣ ಆ ಕೋರ್ಟಿನ ತಾಣದಲ್ಲೇ ಪುಕ್ಕಟೆ ಸಿಗುತ್ತೆ. ತೀರ್ಪು ಓದೋ ಮುಂಚೆ ಅದನ್ನ ಕೇಳಿ, ಯಾವ ಪ್ರಶ್ನೆ ಅವರನ್ನ ಕಾಡಿತ್ತು ಅಂತ ಅಲ್ಲೇ ತಿಳಿಯುತ್ತೆ.

ಜಗಳಗಂಟ
ಕೇಳ್ತೀನಿ. ಆದರೂ ಫ್ರೀಕ್ವೆನ್ಸಿ ಅಂದರೆ ಫೇಸ್ ಬದಲಾಗುವ ವೇಗವೇ.